ಗಿಡ ಕಂಪನಿಯದ್ದು, ನೀರು ಹಾಕೋರು ಯಾರು?

ಮೈಸೂರಿನ ಹೆಬ್ಬಾಳದ ಕಡೆ ಕೆಲಸ ಮಾಡುವ ಸಾಫ್ಟ್‌ವೇರ್ ನೌಕರರಿಗೆ ಹುಟ್ಟುಹಬ್ಬದ ದಿನ ಇಂಥದ್ದೊಂದು ಇಮೇಲ್ ಬರುವುದುಂಟು: ‘ನಿಮ್ಮ ಹೆಸರಿನಲ್ಲಿ ಸುಂದರಬನದಲ್ಲಿ ಒಂದು ಮ್ಯಾಂಗ್ರೋವ್ ಗಿಡ ನೆಟ್ಟಿದ್ದೇವೆ.’ ಜೊತೆಗೆ ಹಸಿರು ಬಾರ್ಡರಿನ ಒಂದು ಸರ್ಟಿಫಿಕೇಟು. ಅಲ್ಲಿಂದ ಒಂದೂವರೆ ಗಂಟೆ ಬಸ್ಸಿನ ದಾರಿ, ಮಳವಳ್ಳಿ ಕಡೆಯ ರೈತನ ಮುಂದೆ ಇನ್ನೊಂದು ಕಾಗದ: ಬದುವಿನ ಮೇಲೆ ಮರ ಬೆಳೆಸಿ, ಸಸಿ ನಾವೇ ಕೊಡ್ತೀವಿ, ಮರ ಹೀರುವ ಇಂಗಾಲಕ್ಕೆ ದುಡ್ಡು ಬರುತ್ತೆ, ಇಲ್ಲೊಂದು ಸೈನ್ ಹಾಕಿ.

ಒಬ್ಬರು ನೋಡದ ಊರಿನ ಗಿಡಕ್ಕೆ ಒಡೆಯರಾದರು. ಇನ್ನೊಬ್ಬರು ಕಣ್ಣಿಗೆ ಕಾಣದ ಸರಕು ಮಾರಲು ಹೊರಟಿದ್ದಾರೆ. ಎರಡೂ ಒಂದೇ ಹಗ್ಗದ ಎರಡು ತುದಿ.

ಇದರ ನಡುವೆ ಕೇಂದ್ರ ಸರ್ಕಾರದ ನಿಯಮಗಳೂ ಬದಲಾಗುತ್ತಿವೆ. ಗಿಡ ನೆಟ್ಟ ಕಂಪನಿಗೆ ‘ಗ್ರೀನ್ ಕ್ರೆಡಿಟ್’ ಎರಡು ವರ್ಷಕ್ಕೆ ಸಿಗುತ್ತದೆ ಎಂದು 2024ರಲ್ಲಿ ಹೇಳಿದ್ದ ಪರಿಸರ ಸಚಿವಾಲಯ, 2025ರ ಆಗಸ್ಟ್‌ನಲ್ಲಿ ಅದನ್ನು ಐದು ವರ್ಷ ಮಾಡಿತು. ಪೇಪರಿನಲ್ಲಿ ಇದನ್ನು ಓದಿದವರಿಗೆ ಸಹಜವಾಗಿ ಗೊಂದಲ. ಗ್ರೀನ್ ಕ್ರೆಡಿಟ್ ಅಂದರೆ ಕಾರ್ಬನ್ ಕ್ರೆಡಿಟ್ಟೇನಾ? ಕಂಪನಿಗಳು ಗಿಡ ನೆಡುವುದು ದಾನವಾ, ವ್ಯಾಪಾರವಾ? ಸಮುದ್ರವೇ ಇಲ್ಲದ ಮೈಸೂರು, ಮಂಡ್ಯದಲ್ಲಿ ಕೂತವರಿಗೆ ಕರಾವಳಿಯ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಯಾಕೆ?

ಒಂದೊಂದಾಗಿ ಬಿಡಿಸೋಣ.

ಮೂರು ಚೀಟಿ, ಮೂರು ಅಂಗಡಿ

ಕಂಪನಿಯ ದುಡ್ಡು ಗಿಡಕ್ಕೆ ಬರುವ ದಾರಿ ಮೂರು. ಮೊದಲನೆಯದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಪರಿಸರವೂ ಆ ಪಟ್ಟಿಯಲ್ಲಿದೆ. ಇದರಿಂದ ಏನಾದರೂ ಉಳಿಕೆ ಬಂದರೆ ಅದು ಕಂಪನಿಯ ಲಾಭಕ್ಕೆ ಸೇರುವಂತಿಲ್ಲ. ಹಾಗಾಗಿ ಸಿಎಸ್‌ಆರ್ ಗಿಡ ಕಾನೂನಿನ ಕಣ್ಣಲ್ಲಿ ಖರ್ಚು, ಹೂಡಿಕೆ ಅಲ್ಲ.

ಎರಡನೆಯದು ಗ್ರೀನ್ ಕ್ರೆಡಿಟ್. ಇದರ ನಿಯಮ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಅರಣ್ಯ ಇಲಾಖೆ ‘ಹಾಳುಬಿದ್ದ ಜಾಗ’ ಎಂದು ಗುರುತಿಸಿದ ಕಡೆ ಕಂಪನಿ ಹಣ ಹಾಕುತ್ತದೆ, ಇಲಾಖೆ ಗಿಡ ನೆಡುತ್ತದೆ. 2024ರ ಮೊದಲ ಲೆಕ್ಕ ಹೀಗಿತ್ತು: ಒಂದು ಹೆಕ್ಟೇರಿಗೆ ಕನಿಷ್ಠ 1,100 ಗಿಡ, ಒಂದು ಗಿಡಕ್ಕೆ ಒಂದು ಕ್ರೆಡಿಟ್. ಅಂದರೆ ಮೂರು ಮೀಟರಿಗೊಂದು ಗಿಡ. ಇದೇನು ಕಾಡಾ, ತೋಟವಾ ಎಂದು ಅರಣ್ಯಶಾಸ್ತ್ರಜ್ಞರು ಆಗಲೇ ಕೇಳಿದ್ದರು. ಹೊಸ ನಿಯಮದಲ್ಲಿ ಐದು ವರ್ಷ ಕಾಯಬೇಕು, ಕನಿಷ್ಠ ಶೇ 40ರಷ್ಟು ನೆರಳು ಮುಚ್ಚಿರಬೇಕು, ಬದುಕಿರುವ ಗಿಡ ಮಾತ್ರ ಲೆಕ್ಕಕ್ಕೆ. ಈ ಕ್ರೆಡಿಟ್ಟನ್ನು ಸಂತೆಯಲ್ಲಿ ಮಾರುವಂತಿಲ್ಲ. ಆದರೆ ಕಂಪನಿ ಬೇರೆಲ್ಲೋ ಕಾಡು ಕಡಿದಾಗ ಮಾಡಬೇಕಾದ ಪರಿಹಾರ ಅರಣ್ಯೀಕರಣದ ಲೆಕ್ಕಕ್ಕೆ ಇದನ್ನು ಹಿಡಿಯಬಹುದು. ಜಗಳ ಇರುವುದೇ ಈ ಕೊನೆಯ ಸಾಲಿನಲ್ಲಿ.

ಮೂರನೆಯದು ಕಾರ್ಬನ್ ಕ್ರೆಡಿಟ್. ಇದು ಪಕ್ಕಾ ಮಾರುಕಟ್ಟೆ. ಒಂದು ಕ್ರೆಡಿಟ್ ಅಂದರೆ ಗಾಳಿಯಿಂದ ತೆಗೆದ, ಅಥವಾ ಗಾಳಿಗೆ ಹೋಗದಂತೆ ತಡೆದ ಒಂದು ಟನ್ ಇಂಗಾಲದ ಡೈಆಕ್ಸೈಡ್. ಹೊಗೆ ಬಿಡುವ ಕಂಪನಿ ಇದನ್ನು ಕೊಂಡು ‘ನನ್ನ ಪಾಲಿನ ಹೊಗೆ ಸರಿಹೋಯಿತು’ ಎನ್ನುತ್ತದೆ. ವಿದೇಶಿ ಖಾಸಗಿ ಮಾರುಕಟ್ಟೆ ಮೊದಲಿನಿಂದ ಇದೆ. ನಮ್ಮ ದೇಶದ್ದೇ ಆದ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್ ಯೋಜನೆಯ ಅಧಿಸೂಚನೆ ಹೊರಬಿದ್ದದ್ದು 2023ರ ಜೂನ್‌ನಲ್ಲಿ.

ಇಮೇಲ್ ಬಂದ ನೌಕರನ ಗಿಡ ಮೊದಲನೆಯ ಅಂಗಡಿಯದ್ದಾಗಿರಬಹುದು, ಮೂರನೆಯದ್ದೂ ಆಗಿರಬಹುದು. ಮಳವಳ್ಳಿಯ ರೈತನ ಮುಂದೆ ಇರುವುದು ಮಾತ್ರ ಮೂರನೆಯದೇ. ಮೂರಕ್ಕೂ ಒಂದೇ ಥರದ ಫೋಟೊ ಬರುತ್ತದೆ: ಗುಂಡಿ, ಸಸಿ, ಬಗ್ಗಿ ನಿಂತ ಅತಿಥಿ, ಹಿಂದೆ ಬ್ಯಾನರು. ಗೊಂದಲ ಹುಟ್ಟುವುದೇ ಅಲ್ಲಿ.

ಸರ್ಕಾರಕ್ಕೆ ಇದರಲ್ಲಿ ಯಾಕಿಷ್ಟು ಆಸಕ್ತಿ ಎಂದರೆ, 2030ರ ಹೊತ್ತಿಗೆ ಮರಗಿಡಗಳ ಮೂಲಕ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹಿಡಿದಿಡುತ್ತೇವೆ ಎಂದು ಭಾರತ ಜಗತ್ತಿಗೆ ಮಾತು ಕೊಟ್ಟಿದೆ. ಬರೀ ಸರ್ಕಾರಿ ದುಡ್ಡಿನಲ್ಲಿ ಅದು ಆಗುವ ಕೆಲಸವಲ್ಲ.

ಒಂದು ಮರ, ಎಂಟು ಸಲ ಬೆಂಗಳೂರು

ಲೆಕ್ಕ ಒಮ್ಮೆ ಕೈಯಲ್ಲೇ ಹಾಕಿ ನೋಡೋಣ. ಬದುವಿನ ಮೇಲಿನ ಒಂದು ಮರ ಹತ್ತು ವರ್ಷ ಬೆಳೆದು, ಒಣಗಿಸಿ ತೂಗಿದರೆ 200 ಕೆ.ಜಿ. ಬರುತ್ತದೆ ಎಂದಿಟ್ಟುಕೊಳ್ಳಿ. ಒಣಮರದ ಸುಮಾರು ಅರ್ಧ ತೂಕ ಇಂಗಾಲ. ಅಂದರೆ 100 ಕೆ.ಜಿ. ಇಂಗಾಲವನ್ನು ಡೈಆಕ್ಸೈಡ್ ಲೆಕ್ಕಕ್ಕೆ ತರಲು 3.67ರಿಂದ ಗುಣಿಸುತ್ತಾರೆ. 367 ಕೆ.ಜಿ. ಆಯಿತು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಡೈಆಕ್ಸೈಡ್. ಮೈಸೂರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗಿ ಬಂದರೆ 290 ಕಿಲೋಮೀಟರ್, ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ 19 ಲೀಟರ್ ಚಿಲ್ಲರೆ, ಹೊಗೆ 45 ಕೆ.ಜಿ. ಹತ್ತಿರ. ಹತ್ತು ವರ್ಷ ನೀರು, ನೆರಳು, ಕಾವಲು ಕಂಡ ಆ ಮರ ಎಂಟು ಸಲ ಬೆಂಗಳೂರಿಗೆ ಹೋಗಿಬಂದ ಹೊಗೆಯನ್ನು ತೀರಿಸುತ್ತದೆ. ಹೊಗೆ ಬಿಡುವುದಕ್ಕೆ ಎಂಟು ದಿನ, ಹೀರುವುದಕ್ಕೆ ಹತ್ತು ವರ್ಷ. ಅಷ್ಟರಲ್ಲಿ ಮರ ಬಿದ್ದರೆ, ಸುಟ್ಟರೆ, ಕಡಿದರೆ ಲೆಕ್ಕ ಮತ್ತೆ ಸೊನ್ನೆಗೆ.

ಈಗ ದುಡ್ಡಿನ ಕಡೆ. ಒಂದು ಎಕರೆಯ ಬದುವಿನಲ್ಲಿ ಇಂಥ 60 ಮರ ಇದ್ದರೆ ಹತ್ತು ವರ್ಷಕ್ಕೆ 22 ಟನ್. ಟನ್ನಿಗೆ 800 ರೂಪಾಯಿ ಎಂದು ಸುಮ್ನೆ ಲೆಕ್ಕಕ್ಕೆ ಹಿಡಿದರೆ 17,600 ರೂಪಾಯಿ. ಅಳೆಯುವವರು, ತಪಾಸಣೆಯವರು, ನಡುವಿನ ಕಂಪನಿ ಎಲ್ಲ ಸೇರಿ ಅರ್ಧ ತೆಗೆದುಕೊಂಡರು ಅನ್ನಿ. ರೈತನಿಗೆ ಉಳಿಯುವುದು ವರ್ಷಕ್ಕೆ 880 ರೂಪಾಯಿ. ಬೆಲೆ ಎರಡು ಪಟ್ಟಾದರೂ ಮಂಡ್ಯದ ಕಬ್ಬಿನ ಗದ್ದೆಯವನ ಬದುಕು ಇದರಿಂದ ಬದಲಾಗುವುದಿಲ್ಲ. ಮರದ ನಿಜವಾದ ದುಡ್ಡು ಮರದಲ್ಲೇ ಇದೆ: ಹೆಬ್ಬೇವಿನ ದಿಮ್ಮಿಯಲ್ಲಿ, ತೇಗದ ಹಲಗೆಯಲ್ಲಿ, ಹಲಸಿನ ಹಣ್ಣಿನಲ್ಲಿ. ಕಾರ್ಬನ್ ದುಡ್ಡು ಅದರ ಮೇಲಿನ ಕೊಸರು. ‘ಗಾಳಿ ಮಾರಿ ಲಕ್ಷಾಧಿಪತಿ’ ಥರದ ಮಾತು ಆಡುವವರನ್ನು ಈ ಲೆಕ್ಕದ ಪಕ್ಕ ಕೂರಿಸಬೇಕು.

ಕಾಂಡ್ಲಾ ಮೇಲೆ ಎಲ್ಲರಿಗೂ ಕಣ್ಣು

ಮ್ಯಾಂಗ್ರೋವ್‌ಗೆ ನಮ್ಮ ಕರಾವಳಿಯವರ ಮಾತು ಕಾಂಡ್ಲಾ. ಹೊನ್ನಾವರ, ಕುಂದಾಪುರ, ಕಾರವಾರದ ಅಳಿವೆಗಳಲ್ಲಿ, ಸಿಹಿನೀರು ಉಪ್ಪುನೀರು ಕೂಡುವ ಕೆಸರಿನಲ್ಲಿ ಬೆಳೆಯುವ ಗಿಡಗಳು. ಕೆಲವು ಜಾತಿಗಳಲ್ಲಿ ಬೀಜ ಮರದ ಮೇಲೇ ಮೊಳೆಯುತ್ತದೆ, ನುಗ್ಗೆಕಾಯಿ ಥರ ಉದ್ದಕ್ಕೆ ಜೋತು ಬೀಳುತ್ತದೆ, ಕಳಚಿಕೊಂಡು ಕೆಸರಿಗೆ ನಾಟುತ್ತದೆ, ಇಲ್ಲವೇ ನೀರಿನಲ್ಲಿ ತೇಲುತ್ತ ತನಗೆ ಬೇಕಾದ ಜಾಗ ಹುಡುಕಿಕೊಳ್ಳುತ್ತದೆ. ಈ ‘ತೇಲಿ ಜಾಗ ಹುಡುಕುವುದು’ ಮುಂದಿನ ಕಥೆಗೆ ಮುಖ್ಯ.

ದೇಶದಲ್ಲಿ ಕಾಂಡ್ಲಾ ಕಾಡು ಇರುವುದು ಸುಮಾರು 4,992 ಚದರ ಕಿಲೋಮೀಟರ್ ಎಂದು 2023ರ ಅರಣ್ಯ ಸಮೀಕ್ಷೆ ಹೇಳುತ್ತದೆ. ಪಶ್ಚಿಮ ಬಂಗಾಳ, ಗುಜರಾತ್ ಎರಡೇ ಸೇರಿ ಮೂರನೇ ಎರಡು ಪಾಲು. ಕರ್ನಾಟಕದ್ದು 15 ಚದರ ಕಿಲೋಮೀಟರಿಗೂ ಕಡಿಮೆ.

ಇಷ್ಟು ಚಿಕ್ಕ ಕಾಡಿಗೆ ಇಷ್ಟು ಬೇಡಿಕೆ ಯಾಕೆ? ಗುಟ್ಟು ಕೆಸರಿನಲ್ಲಿದೆ. ಭತ್ತದ ಗದ್ದೆಯಲ್ಲಿ ಹುಲ್ಲು ಕೊಳೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾಳಿ ತಾಗದ ಕೆಸರಿನಲ್ಲಿ ಬಿದ್ದ ಎಲೆ, ಬೇರು ಪೂರ್ತಿ ಕೊಳೆಯುವುದಿಲ್ಲ, ಪದರ ಪದರವಾಗಿ ನೂರಾರು ವರ್ಷ ಕೂರುತ್ತದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ತೀರಗಳ ಕಾಂಡ್ಲಾ ಕಾಡುಗಳನ್ನು ಅಳೆದ 2011ರ ಒಂದು ಅಧ್ಯಯನದಲ್ಲಿ ಹೆಕ್ಟೇರಿಗೆ ಸರಾಸರಿ 1,000 ಟನ್ನಿಗೂ ಜಾಸ್ತಿ ಇಂಗಾಲ ಸಿಕ್ಕಿತು. ಅದರಲ್ಲಿ ಬಹುಪಾಲು ಇದ್ದದ್ದು ಮಣ್ಣಿನಲ್ಲಿ. ಜೊತೆಗೆ ಬಿರುಗಾಳಿಗೆ ಅಡ್ಡ ನಿಲ್ಲುತ್ತದೆ. 1999ರ ಒಡಿಶಾ ಚಂಡಮಾರುತದಲ್ಲಿ ಅಗಲವಾದ ಕಾಂಡ್ಲಾ ಪಟ್ಟಿಯ ಹಿಂದಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆ ಎಂಬುದು ಕೇಂದ್ರಾಪಾಡದ ಹಳ್ಳಿಗಳನ್ನು ಒಂದೊಂದಾಗಿ ಹೋಲಿಸಿ ಕಂಡುಕೊಂಡ ಮಾತು. ಮೀನು, ಏಡಿ, ಚಿಪ್ಪಿಗೂ ಇದೇ ತೊಟ್ಟಿಲು.

ಹೀಗಾಗಿ ಎಲ್ಲರೂ ಬಂದರು. ಕೇಂದ್ರ ಸರ್ಕಾರ 2023-24ರ ಬಜೆಟ್ಟಿನಲ್ಲಿ ‘ಮಿಷ್ಟಿ’ ಯೋಜನೆ ಘೋಷಿಸಿತು. ಐದು ವರ್ಷದಲ್ಲಿ 9 ರಾಜ್ಯ, 4 ಕೇಂದ್ರಾಡಳಿತ ಪ್ರದೇಶಗಳಲ್ಲಿ 540 ಚದರ ಕಿ.ಮೀ. ಕಾಂಡ್ಲಾ ಬೆಳೆಸುವ ಗುರಿ. ಯುರೋಪಿನ ಕಂಪನಿಗಳ ‘ಲೈವ್ಲಿಹುಡ್ಸ್’ ನಿಧಿ ಸುಂದರಬನದಲ್ಲಿ ಹಣ ಹಾಕಿತು. ನೆಟ್ಟವರು ಬಹುತೇಕ ಅಲ್ಲಿನ ಹಳ್ಳಿಯ ಹೆಂಗಸರು. ಅವರಿಗೆ ಏರಿ ಒಡೆಯದಿರುವುದು ಮುಖ್ಯ, ಕಂಪನಿಗಳಿಗೆ ಕ್ರೆಡಿಟ್ ಮುಖ್ಯ. ಎರಡೂ ಒಂದೇ ಗಿಡದಿಂದ ಬಂದಷ್ಟು ದಿನ ತೊಂದರೆ ಇಲ್ಲ.

ನೀರು ಮೊದಲು, ಗಿಡ ಆಮೇಲೆ

ಆದರೆ ನೆಟ್ಟ ಕಾಂಡ್ಲಾ ಎಷ್ಟು ಉಳಿಯಿತು? ಇಲ್ಲಿ ಸುದ್ದಿ ಚೆನ್ನಾಗಿಲ್ಲ. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಜಗತ್ತಿನ ದುಡ್ಡೆಲ್ಲ ಬಂದು ಗಿಡ ನೆಟ್ಟಿತು. ಆಮೇಲೆ 23 ಜಾಗಗಳನ್ನು ಸಂಶೋಧಕರು ಹೋಗಿ ನೋಡಿದಾಗ, 9 ಕಡೆ ಒಂದು ಗಿಡವೂ ಬದುಕಿರಲಿಲ್ಲ. ಫಿಲಿಪೀನ್ಸ್‌ನಲ್ಲಿ ದಶಕಗಳ ಕಾಲ ನೆಟ್ಟದ್ದರಲ್ಲಿ ಉಳಿದದ್ದು ನೂರಕ್ಕೆ ಹತ್ತಿಪ್ಪತ್ತು.

ಕಾರಣ ದೊಡ್ಡ ವಿಜ್ಞಾನವೇನಲ್ಲ. ಕಾಂಡ್ಲಾ ಹಿಂದೆ ಇದ್ದ ಜಾಗ ಅಷ್ಟರಲ್ಲಿ ಸೀಗಡಿ ಹೊಂಡ ಆಗಿತ್ತು, ಅದಕ್ಕೆ ಒಡೆಯರಿದ್ದರು. ಜಗಳವಿಲ್ಲದೆ ಸಿಕ್ಕಿದ್ದು ಸಮುದ್ರದ ಅಂಚಿನ ಬಟಾಬಯಲು ಕೆಸರು. ಅಲ್ಲಿ ನೀರು ದಿನದ ಹೆಚ್ಚು ಹೊತ್ತು ನಿಂತೇ ಇರುತ್ತದೆ, ಬೇರಿಗೆ ಉಸಿರಿಲ್ಲ. ಗಿಡ ತಾನಾಗಿ ತೇಲಿಬಂದು ಅಲ್ಲಿ ಬೆಳೆದಿಲ್ಲ ಎಂದರೆ ಅದು ಅದರ ಜಾಗವಲ್ಲ ಎಂದರ್ಥ. ಆದರೂ ನೆಟ್ಟರು. ಎಷ್ಟು ನೆಟ್ಟೆವು ಎನ್ನುವುದಕ್ಕೆ ದುಡ್ಡು ಬರುತ್ತಿತ್ತಲ್ಲ.

ಮಂಡ್ಯದವರಿಗೆ ಇದನ್ನು ಹೀಗೆ ಹೇಳಬಹುದು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬಸಿಗಾಲುವೆ ಹೂಳು ತುಂಬಿ ಕಟ್ಟಿಕೊಂಡರೆ ಏನಾಗುತ್ತದೆ? ಗದ್ದೆ ಜೌಗಾಗುತ್ತದೆ, ಉಪ್ಪು ಮೇಲೆದ್ದು ಚೌಳಾಗುತ್ತದೆ. ಆ ಚೌಳಿಗೆ ನೀವು ಎಂಥಾ ತಳಿಯ ಪೈರು ತಂದು ನಾಟಿ ಮಾಡಿದರೂ ಸುಟ್ಟಂತೆ ಒಣಗುತ್ತದೆ. ಮೊದಲು ಬಸಿಗಾಲುವೆ ಬಿಡಿಸಬೇಕು, ಆಮೇಲೆ ನಾಟಿ. ಕಾಂಡ್ಲಾ ಕಥೆಯೂ ಅಷ್ಟೇ.

ಇದನ್ನು ಸರಿಯಾಗಿ ಮಾಡಿ ತೋರಿಸಿದ ಜಾಗ ದೂರವೇನೂ ಇಲ್ಲ. ತಮಿಳುನಾಡಿನ ಪಿಚ್ಚಾವರಂನಲ್ಲಿ ಬ್ರಿಟಿಷರ ಕಾಲದಿಂದ ಸರದಿಯ ಮೇಲೆ ಕಾಂಡ್ಲಾ ಬೋಳಿಸುತ್ತಿದ್ದರು. ಬೋಳಾದ ಕೆಸರು ಬಿಸಿಲಿಗೆ ಒಣಗಿ ಕುಸಿದು ತಟ್ಟೆಯಂತಾಯಿತು. ಉಬ್ಬರದ ನೀರು ಒಳಗೆ ಬಂದರೆ ಹೊರಗೆ ಹೋಗದೆ ನಿಂತು, ಆವಿಯಾಗಿ, ಉಪ್ಪಷ್ಟೇ ಉಳಿಯಿತು. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ, ಅರಣ್ಯ ಇಲಾಖೆ ಮತ್ತು ಅಲ್ಲಿನ ಹಳ್ಳಿಯವರು ಸೇರಿ ಮಾಡಿದ ಕೆಲಸ ಏನು ಗೊತ್ತಾ? ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿದ್ದು. ನಡುವೆ ಒಂದು ದೊಡ್ಡ ಕಾಲುವೆ, ಎರಡೂ ಬದಿಗೆ ಓರೆಯಾಗಿ ಸಣ್ಣವು. ಉಬ್ಬರದಲ್ಲಿ ನೀರು ಬಂತು, ಇಳಿತದಲ್ಲಿ ಉಪ್ಪನ್ನು ತೊಳೆದುಕೊಂಡು ಹೋಯಿತು. ಆಮೇಲೆ ಗಿಡ ನೆಟ್ಟರು, ಗಿಡ ನಿಂತಿತು. ಕಾಲುವೆಯಲ್ಲಿ ಹೂಳು ತುಂಬಿದಾಗ ತೆಗೆಯಲು ಊರಿನ ಸಮಿತಿ ಇತ್ತು. ಫೋಟೊಗೆ ಕಾಲುವೆ ಅಷ್ಟು ಚೆಂದ ಕಾಣುವುದಿಲ್ಲ, ನಿಜ.

ಕಾವೇರಿಯ ಇನ್ನೊಂದು ತುದಿ

ಪಿಚ್ಚಾವರಂಗೆ ಸಿಹಿನೀರು ಬರುವುದು ಕೊಳ್ಳಿಡಂನಿಂದಲೂ. ಕೊಳ್ಳಿಡಂ ಕಾವೇರಿಯ ಕವಲು. ಕಾವೇರಿ ಮುಖಜಭೂಮಿಯ ದಕ್ಷಿಣ ತುದಿಯಲ್ಲಿ ಮುತ್ತುಪೇಟೆ ಎಂಬ ಇನ್ನೊಂದು ಕಾಂಡ್ಲಾ ಕಾಡಿದೆ. ಅಲ್ಲಿಗೆ ಬರುವ ಸಿಹಿನೀರು ಕಡಿಮೆಯಾದಂತೆ ಉಪ್ಪು ತಡೆಯುವ ಒಂದೇ ಜಾತಿಯ ಗಿಡ ಜಾಸ್ತಿಯಾಗಿ ಮಿಕ್ಕವು ಹಿಂದೆ ಸರಿದಿವೆ. ಅಂದಮೇಲೆ ಮಂಡ್ಯಕ್ಕೂ ಕಾಂಡ್ಲಾಕ್ಕೂ ಸಂಬಂಧವಿಲ್ಲ ಎನ್ನುವುದು ಅರ್ಧ ಸತ್ಯ. ಕನ್ನಂಬಾಡಿಯನ್ನು ದಾಟಿದ ನೀರು ಕೊನೆಗೆ ತಲುಪಬೇಕಾದ ಕಾಡು ಅದು.

ಕಾವೇರಿ ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿ ಅಡಿ ಹಂಚಿದಾಗ 10 ಟಿಎಂಸಿಯನ್ನು ಪರಿಸರಕ್ಕೆ, 4 ಟಿಎಂಸಿಯನ್ನು ಸಮುದ್ರಕ್ಕೆ ಹೇಗೂ ಹೋಗುವ ನೀರೆಂದು ಬದಿಗಿಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಕೊಟ್ಟರೂ ಈ ಎರಡು ಅಂಕಿಗಳನ್ನು ಮುಟ್ಟಲಿಲ್ಲ. ‘ಸಮುದ್ರಕ್ಕೆ ಹರಿದು ಪೋಲಾಯಿತು’ ಎಂಬ ಮಾತು ಎರಡೂ ರಾಜ್ಯಗಳಲ್ಲಿ ಇದೆ. ಕಾಂಡ್ಲಾದ ಕಡೆಯಿಂದ ನೋಡಿದರೆ ಆ ನೀರು ಪೋಲಲ್ಲ. ಹಾಗಂತ ಬರಗಾಲದ ವರ್ಷ ಮದ್ದೂರಿನ ಕೊನೆಭಾಗದ ರೈತನ ಮುಂದೆ ಇದನ್ನು ಹೇಳುವುದು ಸುಲಭವೂ ಅಲ್ಲ. ಇಷ್ಟು ಮಾತ್ರ ಸ್ಪಷ್ಟ: ಕಂಪನಿ ಎಷ್ಟು ಕೋಟಿ ಗಿಡ ನೆಟ್ಟರೂ ಮುತ್ತುಪೇಟೆಯ ಕಾಡು ಕಂಪನಿಯ ಕೈಯಲ್ಲಿಲ್ಲ, ನದಿಯ ಕೈಯಲ್ಲಿದೆ.

‘ಖಾಲಿ ಜಾಗ’ ಯಾರಿಗೆ ಖಾಲಿ?

ಈಗ ನಮ್ಮ ಬಯಲುಸೀಮೆಗೆ ಬರೋಣ. ಮೈಸೂರು, ಮಂಡ್ಯದಲ್ಲಿ ಕಂಪನಿ ಗಿಡಗಳಿಗೆ ಎರಡು ಥರದ ಜಾಗ ಸಿಗುತ್ತದೆ. ಒಂದು ರೈತರ ಸ್ವಂತ ಜಮೀನು. ಇನ್ನೊಂದು ಗೋಮಾಳ, ಗುಂಡುತೋಪು, ಕೆರೆಯಂಗಳ, ಕುರುಚಲು ಕಾಡು. ಎರಡನೆಯದರಲ್ಲಿ ತಕರಾರು ಜಾಸ್ತಿ.

ಕರ್ನಾಟಕ ಇದನ್ನು ಒಮ್ಮೆ ಅನುಭವಿಸಿದೆ. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಮರದ ತಿರುಳಿನ ಕಾರ್ಖಾನೆ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಾಗದಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವುದು ಉದ್ದೇಶ. ಕಾಗದದ ಮೇಲೆ ಅದೂ ‘ಅರಣ್ಯೀಕರಣ’ವೇ. ಆದರೆ ಊರಿನವರಿಗೆ ಅದು ದನ ಮೇಯಿಸುವ, ಸೌದೆ, ಸೊಪ್ಪು ತರುವ ಜಾಗ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಮುಂದಾಳತ್ವದಲ್ಲಿ ಜನ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. 1991ರಲ್ಲಿ ಆ ಕಂಪನಿ ಮುಚ್ಚಿತು.

ಅವರು ಗಿಡ ನೆಡುವುದನ್ನೇ ವಿರೋಧಿಸಲಿಲ್ಲ ಎನ್ನುವುದನ್ನು ಗಮನಿಸಬೇಕು. ಯಾರ ಜಾಗದಲ್ಲಿ, ಯಾರಿಗೆ ಬೇಕಾದ ಗಿಡ ಎನ್ನುವುದಷ್ಟೇ ಅವರ ತಕರಾರು.

ಇವತ್ತಿನ ಗೋಮಾಳದ ಪ್ರಶ್ನೆಯೂ ಅದೇ. ನೂರು ದನಕ್ಕೆ 30 ಎಕರೆಯಂತೆ ಗೋಮಾಳ ಬಿಡಬೇಕು ಎನ್ನುತ್ತದೆ ಕರ್ನಾಟಕದ ಭೂಕಂದಾಯ ನಿಯಮ. ಪಹಣಿಯಲ್ಲಿ ಅದು ಸರ್ಕಾರಿ ಜಾಗ. ದೂರದ ಕಚೇರಿಯ ಉಪಗ್ರಹ ಚಿತ್ರದಲ್ಲಿ ಅದು ‘ಹಾಳುಬಿದ್ದ ಜಾಗ’. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಕುರಿ ದೇಶಕ್ಕೇ ಹೆಸರುವಾಸಿ. ಕುರಿ ಮೇಯುವುದು ಹುಲ್ಲನ್ನು, ಮರವನ್ನಲ್ಲ. ಅಲ್ಲಿ ಹೆಕ್ಟೇರಿಗೆ ಸಾವಿರ ಗಿಡ ಹಾಕಿ, ಟ್ರೆಂಚ್ ಹೊಡೆದು, ಮುಳ್ಳುತಂತಿ ಎಳೆದರೆ ಕುರಿ ಎಲ್ಲಿಗೆ ಹೋಗಬೇಕು? ಪಕ್ಕದ ಗುಡ್ಡಕ್ಕೆ. ಅಲ್ಲಿನ ಹುಲ್ಲು ಬೋಳಾಗುತ್ತದೆ. ಕಾರ್ಬನ್ ಲೆಕ್ಕದವರು ಇದಕ್ಕೆ ‘ಸೋರಿಕೆ’ ಎನ್ನುತ್ತಾರೆ: ಇಲ್ಲಿ ಉಳಿಸಿದ್ದು ಅಲ್ಲಿ ಸೋರುವುದು. ಲೆಕ್ಕದಲ್ಲಿ ಕಳೆಯಬೇಕು ಎಂಬ ನಿಯಮವೂ ಇದೆ. ಕುರಿಯ ಹಿಂದೆ ನಡೆದು ಅಳೆಯುವವರು ಎಷ್ಟು ಜನ ಎನ್ನುವುದು ಬೇರೆ ಮಾತು.

ಮೇಲುಕೋಟೆಯ ಕುರುಚಲು ಗುಡ್ಡಗಳನ್ನೇ ನೋಡಿ. 1974ರಲ್ಲಿ ಅಲ್ಲಿ ವನ್ಯಧಾಮ ಮಾಡಿದ್ದು ತೋಳಕ್ಕಾಗಿ. ತೋಳಕ್ಕೆ ದಟ್ಟ ಕಾಡು ಬೇಡ, ಬಯಲು ಬೇಕು. ಬಯಲನ್ನು ಬಯಲಾಗಿ ಬಿಡುವುದೂ ಪರಿಸರ ಕೆಲಸವೇ, ಆದರೆ ಅದಕ್ಕೆ ಯಾವ ಕ್ರೆಡಿಟ್ಟೂ ಇಲ್ಲ. ತಪ್ಪು ಮರದ ಪಾಠಕ್ಕೂ ದೂರ ಹೋಗಬೇಕಿಲ್ಲ. ಚೆಂದದ ಹಳದಿ ಹೂವಿಗೆಂದು ತಂದು ಬೆಳೆಸಿದ ಸೆನ್ನಾ ಮರ ಈಗ ನಾಗರಹೊಳೆ, ಬಂಡೀಪುರದ ಕಾಡಿನೊಳಗೆ ಹಬ್ಬಿದೆ. ನೀಲಗಿರಿ ಹೊಸದಾಗಿ ನೆಡುವುದನ್ನು 2017ರಲ್ಲಿ ರಾಜ್ಯ ಸರ್ಕಾರವೇ ನಿಷೇಧಿಸಬೇಕಾಯಿತು.

ಯಾರು ಏನು ಹೇಳುತ್ತಾರೆ

ಕಂಪನಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಹೊಗೆಯನ್ನು ಒಂದೇ ದಿನ ನಿಲ್ಲಿಸಲಾಗದು, ಅಲ್ಲಿಯವರೆಗೆ ಮರಕ್ಕಾದರೂ ಹಣ ಹರಿಯಲಿ ಎನ್ನುತ್ತಾರೆ. ಕೆರೆ ಏರಿಯ ಮೇಲೆ ಹೊಂಗೆ, ಬೇವು ನಿಂತಿದ್ದರೆ ಯಾರ ದುಡ್ಡು ಎಂದು ಹಕ್ಕಿ ಕೇಳುವುದಿಲ್ಲ.

ವಿರೋಧಿಸುವವರದು ಬೇರೆ ಲೆಕ್ಕ. ಇಲ್ಲಿ ಹೊಗೆ ಬಿಡಲು, ಅಲ್ಲಿ ಹಳೇ ಕಾಡು ಕಡಿಯಲು ಈ ಸಸಿಗಳು ಪರವಾನಗಿ ಆಗುತ್ತವೆ ಎಂಬುದು ಅವರ ಭಯ. ಮೈಸೂರಿನವರಿಗೆ ಇದು ಚೆನ್ನಾಗಿ ಗೊತ್ತು. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯ 40 ಮರ ಉರುಳಿದಾಗ ಜನ ಬೀದಿಗಿಳಿದದ್ದು ಮರದ ಸಂಖ್ಯೆಗಲ್ಲ. ಆ ನೆರಳನ್ನು ಇನ್ನೆಲ್ಲೋ ನೆಟ್ಟ ಮೊಣಕಾಲುದ್ದದ ಸಸಿ ಕೊಡುವುದಿಲ್ಲ, ಅಲ್ವಾ?

ಮಾರುಕಟ್ಟೆಯ ನಂಬಿಕೆಗೂ ಪೆಟ್ಟು ಬಿದ್ದಿದೆ. 2023ರ ಜನವರಿಯಲ್ಲಿ ಯುರೋಪಿನ ಪತ್ರಿಕೆಗಳು ಮಾಡಿದ ತನಿಖೆ, ಜಗತ್ತಿನ ಅತಿ ದೊಡ್ಡ ಪ್ರಮಾಣೀಕರಣ ಸಂಸ್ಥೆ ವೆರ್ರಾ ಒಪ್ಪಿದ ಮಳೆಕಾಡಿನ ಕ್ರೆಡಿಟ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ಪೊಳ್ಳು ಎಂದಿತು. ವೆರ್ರಾ ಅದನ್ನು ಒಪ್ಪಲಿಲ್ಲ. ಅವು ‘ಕಡಿಯದೆ ಬಿಟ್ಟೆವು’ ಎಂಬ ಥರದ ಕ್ರೆಡಿಟ್‌ಗಳು, ಗಿಡ ನೆಟ್ಟವಲ್ಲ. ಆದರೂ ಮೂಲ ಪ್ರಶ್ನೆ ಎರಡಕ್ಕೂ ಒಂದೇ: ಈ ದುಡ್ಡು ಬರದಿದ್ದರೂ ಇದು ಆಗುತ್ತಿತ್ತಾ? ಹುಣಸೂರಿನ ರೈತ ಹೇಗೂ ಸಿಲ್ವರ್ ಓಕ್ ಮರ ಹಾಕುತ್ತಿದ್ದ ಎಂದಾದರೆ ಅದನ್ನು ಕ್ರೆಡಿಟ್ ಎಂದು ಮಾರುವುದು ಗಾಳಿಯನ್ನು ಗಾಳಿಗೇ ಮಾರಿದಂತೆ.

ಊರಿನವರ ಕೈಯಲ್ಲೇ ಇರುವ ಮಾದರಿಯೂ ಒಂದಿದೆ. ಕೆನ್ಯಾದ ಗಾಜಿ ಕೊಲ್ಲಿಯ ಎರಡು ಹಳ್ಳಿಗಳು ‘ಮಿಕೊಕೊ ಪಮೋಜಾ’ ಹೆಸರಿನಲ್ಲಿ 117 ಹೆಕ್ಟೇರ್ ಕಾಂಡ್ಲಾ ನೋಡಿಕೊಳ್ಳುತ್ತಿವೆ. ಸ್ವಾಹಿಲಿಯಲ್ಲಿ ಹಾಗೆಂದರೆ ‘ಕಾಂಡ್ಲಾ ಒಟ್ಟಾಗಿ’. 2013ರಲ್ಲಿ ಪ್ರಮಾಣಪತ್ರ ಸಿಕ್ಕಿತು. ವರ್ಷಕ್ಕೆ ಸುಮಾರು 3,000 ಟನ್ ಲೆಕ್ಕದ ಕ್ರೆಡಿಟ್ ಮಾರುತ್ತಾರೆ. ಬಂದ ಹಣದಲ್ಲಿ ಕುಡಿಯುವ ನೀರು, ಶಾಲೆಯ ಪುಸ್ತಕ, ಯಾವುದಕ್ಕೆ ಎಷ್ಟು ಎಂದು ಊರ ಸಭೆಯಲ್ಲಿ ತೀರ್ಮಾನ. ಮೆಚ್ಚಬೇಕಾದ್ದೇ. ಆದರೆ 3,000 ಟನ್ ಎಂದರೆ ನಮ್ಮ ಮೈಸೂರು-ಬೆಂಗಳೂರು ಲೆಕ್ಕದಲ್ಲಿ ಸುಮಾರು 67,000 ಸಲ ಹೋಗಿಬರುವ ಹೊಗೆ ಅಷ್ಟೇ. ಊರಿಗೆ ಅದು ದೊಡ್ಡದು, ಆಕಾಶಕ್ಕೆ ಚಿಕ್ಕದು. ಇವೆರಡನ್ನೂ ಕಲಸಿ ಹೇಳಿದಾಗಲೇ ಮೋಸ ಶುರು.

ದುಡ್ಡು ಬರುವ ದಿನ, ಗಿಡ ಸಾಯುವ ದಿನ

ಇಡೀ ವಿಷಯದ ಗಂಟು ಇಲ್ಲಿದೆ. ಗಿಡಕ್ಕೆ ದುಡ್ಡು ಬರುವುದು ನೆಡುವ ದಿನ. ಗಿಡ ಸಾಯುವುದು ಎರಡನೇ ಬೇಸಿಗೆಯಲ್ಲಿ.

ಸಿಎಸ್‌ಆರ್ ಹಣವನ್ನು ಆರ್ಥಿಕ ವರ್ಷದೊಳಗೆ ಖರ್ಚು ಮಾಡಬೇಕು. ‘ಮುಂದುವರಿಯುವ ಯೋಜನೆ’ ಎಂದು ತೋರಿಸಿದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷ ಮಾತ್ರ. ಮಂಡ್ಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿ.ಮೀ., ಅದರಲ್ಲೂ ಒಳ್ಳೆ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ 5ಕ್ಕೆ ಫೋಟೊಗೆಂದು ನೆಟ್ಟ ಗಿಡ ಜುಲೈ, ಆಗಸ್ಟಿನ ಒಣಗಾಳಿಗೆ ಸಿಗುತ್ತದೆ. ಮಾರ್ಚಿನಲ್ಲಿ ಟ್ಯಾಂಕರ್ ಯಾರು ಕಳಿಸಬೇಕು? ಗುತ್ತಿಗೆದಾರನ ಬಿಲ್ಲು ಆಗಲೇ ಪಾಸಾಗಿರುತ್ತದೆ.

ಈ ದೃಷ್ಟಿಯಲ್ಲಿ ಗ್ರೀನ್ ಕ್ರೆಡಿಟ್ಟಿನ ಐದು ವರ್ಷದ ನಿಯಮ ಮೊದಲಿಗಿಂತ ಎಷ್ಟೋ ಮೇಲು. ಆದರೆ ಅದರಿಂದ ಇನ್ನೊಂದು ಪರಿಣಾಮ ಬರುವ ಸಾಧ್ಯತೆ ಜಾಸ್ತಿ. ಐದು ವರ್ಷದಲ್ಲಿ ಶೇ 40 ನೆರಳು ಬೇಕೆಂದರೆ ಯಾರೂ ನೇರಳೆ, ಹಿಪ್ಪೆ ನೆಡುವುದಿಲ್ಲ. ಬೇಗ ಏಳುವ, ದನ ಮುಟ್ಟದ ಅಕೇಶಿಯಾದಂಥ ಒಂದೆರಡು ಜಾತಿಗಳಿಗೆ ಕೈ ಹೋಗುತ್ತದೆ. ಹುಲ್ಲುಗಾವಲಂತೂ ಈ ಅಳತೆಗೋಲಿನಲ್ಲಿ ಎಂದಿಗೂ ಪಾಸಾಗುವುದಿಲ್ಲ.

ತಮಾಷೆಯೆಂದರೆ, ಬದುಕಿದ ಗಿಡಕ್ಕೆ ದುಡ್ಡು ಕೊಡುವ ಪದ್ಧತಿ ಕರ್ನಾಟಕಕ್ಕೆ ಹೊಸದೇ ಅಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ರೈತ ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ಒಯ್ಯುತ್ತಾನೆ. ಬದುಕಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ, ಒಟ್ಟು 125. ಸತ್ತ ಗಿಡಕ್ಕೆ ಸೊನ್ನೆ. ವರ್ಷ ಕಳೆದಂತೆ ದರ ಏರುವುದನ್ನು ನೋಡಿ. ಕಂಪನಿಯ ಹಣ ಹರಿಯುವ ರೀತಿಗೆ ಇದು ಸರೀ ಉಲ್ಟಾ.

ಸೈನ್ ಹಾಕುವ ಮುಂಚೆ

ಮಂಡ್ಯದಲ್ಲಿ ಎರಡೂವರೆ ಎಕರೆಗಿಂತ ಕಡಿಮೆ ಜಮೀನಿನವರೇ ಜಾಸ್ತಿ. ಕಾರ್ಬನ್ ಕರಾರುಗಳು ಸಾಮಾನ್ಯವಾಗಿ 20ರಿಂದ 40 ವರ್ಷದವು. ಅಷ್ಟರಲ್ಲಿ ಅಪ್ಪನ ಹೆಸರಿನ ಪಹಣಿ ಮೂರು ಮಕ್ಕಳಿಗೆ ಪಾಲಾಗಿರುತ್ತದೆ, ಒಬ್ಬ ತನ್ನ ಪಾಲು ಮಾರಿರುತ್ತಾನೆ. ಆಗ ಕರಾರು ಯಾರ ತಲೆಗೆ? ಮಗಳ ಮದುವೆಗೆ ತೇಗ ಕಡಿಯಬೇಕೆಂದರೆ ಅರಣ್ಯ ಇಲಾಖೆಯ ಒಪ್ಪಿಗೆ ಮೊದಲೇ ಬೇಕಿತ್ತು, 1976ರ ಮರ ಸಂರಕ್ಷಣಾ ಕಾಯ್ದೆ ಇದೆಯಲ್ಲ. ಈಗ ಕಂಪನಿಯ ಒಪ್ಪಿಗೆಯೂ ಬೇಕಾ? ಬರದಲ್ಲಿ ಗಿಡ ಸತ್ತರೆ ಕೊಟ್ಟ ಮುಂಗಡ ವಾಪಸ್ಸಾ? ಕ್ರೆಡಿಟ್ ಯಾವ ಬೆಲೆಗೆ ಮಾರಾಟವಾಯಿತು ಎಂದು ರೈತನಿಗೆ ತೋರಿಸುತ್ತಾರಾ, ಅಥವಾ ಅವರು ಹೇಳಿದ್ದೇ ಬೆಲೆಯಾ? ಕರಾರು ಕನ್ನಡದಲ್ಲಿದೆಯಾ? ಗೋಮಾಳವಾದರೆ ಗ್ರಾಮಸಭೆಯ ನಡಾವಳಿ ಎಲ್ಲಿ, ಅದಕ್ಕೆ ಕುರಿಯವರೂ ಬಂದಿದ್ದರಾ?

ಇಮೇಲ್ ಬಂದ ನೌಕರನಿಗೂ ಕೇಳಲು ಒಂದಿದೆ. ‘ನನ್ನ ಗಿಡ’ದ ಮೂರನೇ ವರ್ಷದ ಫೋಟೊ ಕಳಿಸಿ ಎಂದು ಬರೆದು ನೋಡಬಹುದು.

ಇಲಾಖೆಯ 125 ರೂಪಾಯಿಯ ಯೋಜನೆಯಲ್ಲಿ ಹಣ ತಡವಾಗಬಹುದು, ಎಣಿಸಲು ಬರುವವರು ಎರಡು ಸಲ ಅಲೆದಾಡಿಸಬಹುದು. ಆದರೆ ನಾಲ್ಕನೇ ವರ್ಷ ಆ ಹೆಬ್ಬೇವನ್ನು ಕಡಿಯುವುದಾ, ಬಿಡುವುದಾ, ಅದಕ್ಕೆ ಮೆಣಸು ಹಬ್ಬಿಸುವುದಾ ಎನ್ನುವುದು ರೈತನಿಗೆ ಬಿಟ್ಟದ್ದು, ಮರ ಅವನದೇ. ಇಪ್ಪತ್ತು ಪುಟದ ಕರಾರಿನಲ್ಲಿ ಈ ಸಾಲು ಎಲ್ಲಿದೆ ಎಂದು ಮೊದಲು ಹುಡುಕಬೇಕು.